ತಾರತಮ್ಯದ ತಕ್ಕಡಿ

ಬೇಸಗೆಯ ರಜದ ಒಂದು ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಭಾರಿ ವಾಗ್ವಾದ ನಡೆದಿತ್ತು. ಒಳಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದ ನನಗೆ ಮೊದಲು ಅದು ಚುನಾವಣೆಯ ಮಾತೆಂದು ತೋರಿತು, ಆಮೇಲೆ ಕ್ರಿಕೆಟ್ಟಿರಬೇಕೆಂದುಕೊಂಡೆ. ಎದ್ದು ಹೋಗಿ ನೋಡಿದರೆ, ಪಿ.ಯು.ಸಿ. ಮುಗಿಸಿದ್ದ ನನ್ನ ಮಗನೂ ಅವನ ಗೆಳೆಯನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹತ್ತು ಹೆಸರುಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮೂರನೆಯವನು ಎರಡನೆಯವನಾಗಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದರು. ಹೆಸರುಗಳು ಕೊರಿಯದವು, ಜಪಾನಿನವು, ಪಾಕಿಸ್ತಾನದವು. ಆಟ, ಟೆಕ್ಕೆನ್ ಎಂಬ ವಿಡಿಯೋ ಕಾಳಗ.

ಸಾಹಿತ್ಯದ ಪುಟದಲ್ಲಿ ಹುಡುಗರ ಆಟದ ಪ್ರಸ್ತಾಪವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಪಟ್ಟಿ ಮಾಡುವ ಚಪಲ ಹುಡುಗರಿಗಷ್ಟೇ ಸೇರಿದ್ದೆ? ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆಂದು ಕೂಡಿಸಿಟ್ಟು, ಆ ಬಳಿಕ ಮೂವರಲ್ಲಿ ಯಾರು ಮೇಲೆಂದು ತರಗತಿಗಳಲ್ಲಿ ಗಂಟಲು ಹರಿದುಕೊಂಡವರು ನಾವು. ಅದಕ್ಕೆ ಮೌಲ್ಯನಿರ್ಣಯ ಎಂಬ ಗಂಭೀರವಾದ ಹೆಸರಿಟ್ಟಿದ್ದೇವೆ. ಈ ಹುಡುಗರು ಹೆಸರಿಡದೆ ಅದೇ ಕೆಲಸ ಮಾಡುತ್ತಿದ್ದರು. ನಾನೂ ಕುರ್ಚಿ ಎಳೆದುಕೊಂಡು ಕುಳಿತೆ. ಅಂದಿನಿಂದ ನಾನು ಕೇಳಿ, ನೋಡಿ, ಓದಿ ತಿಳಿದುಕೊಂಡದ್ದರ ಫಲ ಈ ಬರಹ.

ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜಪಾನಿನ ನಾಮ್ಕೋ ಸಂಸ್ಥೆ 1994ರಲ್ಲಿ ಹೊರತಂದ ಈ ಆಟದ ಹೆಸರಿಗೆ ಕಬ್ಬಿಣದ ಮುಷ್ಟಿ ಎಂದು ಅರ್ಥ. ತೆರೆಯ ಮೇಲೆ ಇಬ್ಬರು ಜಟ್ಟಿಗಳು. ಆಡುವವನ ಬೆರಳ ಕೆಳಗೆ ನಾಲ್ಕು ಗುಂಡಿಗಳು: ಎಡಗೈಗೊಂದು, ಬಲಗೈಗೊಂದು, ಎಡಗಾಲಿಗೊಂದು, ಬಲಗಾಲಿಗೊಂದು. ಚಿತ್ರವು ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅತಿ ಚುರುಕಾದ ಗುದ್ದಿಗೆ ಸಾಮಾನ್ಯವಾಗಿ ಬೇಕಾಗುವುದು 10 ಚಿತ್ರಗಳಷ್ಟು ಹೊತ್ತು, ಎಂದರೆ ಸೆಕೆಂಡಿನ ಆರನೆಯ ಒಂದು ಪಾಲು. ಇಂಥ ಆಟವನ್ನು ಲಾಹೋರಿನವನೊಬ್ಬ, ಸೋಲ್ ನಗರದವನೊಬ್ಬ ಅಂತರಜಾಲದ ಮೂಲಕ ಆಡಿದರೆ, ಗುಂಡಿ ಒತ್ತಿದ ಸುದ್ದಿ ಹೋಗಿ ಮುಟ್ಟುವಷ್ಟರಲ್ಲಿಯೇ ಕೆಲವು ಚಿತ್ರಗಳು ಕಳೆದುಹೋಗಿರುತ್ತವೆ; ತಡೆಯಬಹುದಾಗಿದ್ದ ಏಟು ತಡೆಯಲಾಗದ ಏಟಾಗುತ್ತದೆ. ಆದಕಾರಣ ಶ್ರೇಷ್ಠರಾರೆಂದು ನಿಶ್ಚಯಿಸಬೇಕಾದರೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲೇಬೇಕು. ಈ ಕೋಣೆಗೆ ಬರುವ ದಾರಿಯ ವಿಷಯ ಮುಂದೆ ಬರುತ್ತದೆ.

ಈಗ ಪಟ್ಟಿಗೆ ಬರೋಣ. 2019ನೆಯ ವರ್ಷವನ್ನೇ ತೆಗೆದುಕೊಳ್ಳಿ. ಆ ವರ್ಷ ಟೆಕ್ಕೆನ್ ಆಟಗಾರರಲ್ಲಿ ಅಗ್ರಗಣ್ಯನಾರು ಎಂದು ಕೇಳಿದರೆ ಮೂರು ಉತ್ತರಗಳು ದೊರೆಯುತ್ತವೆ, ಮೂರೂ ಪ್ರಮಾಣಬದ್ಧವಾದವು. ಆಟದ ಒಡೆಯರು 2017ರಿಂದ ನಡೆಸಿದ ಟೆಕ್ಕೆನ್ ವರ್ಲ್ಡ್ ಟೂರ್ ಎಂಬ ಪಂದ್ಯಮಾಲೆಯ ಅಂಕಪಟ್ಟಿಯನ್ನು ಕೇಳಿದರೆ, ಅದರ ತುದಿಯಲ್ಲಿದ್ದವನು ಕೊರಿಯದ ಬೇ ಜೇ-ಮಿನ್. ಕಣದಲ್ಲಿ ಈತನಿಗೆ ಮೊಣಕಾಲೆಂಬ ಅರ್ಥದ ‘ನೀ’ ಎಂಬ ಹೆಸರು. ಕನ್ನಡದ ಕಿವಿಗೆ ಮಾತ್ರ ಯಾರೋ ನಮ್ಮನ್ನೇ ಕರೆದಂತಾಗುತ್ತದೆ. ಅದೇ ಮಾಲೆಯ ಕೊನೆಯ ಪಂದ್ಯ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ನಡೆದಾಗ ಗೆದ್ದವನು ಜಪಾನಿನ ಚಿಕುರಿನ್. ಇಎಸ್‌ಪಿಎನ್ ಕ್ರೀಡಾ ಸಂಸ್ಥೆಯವರು ಆ ವರ್ಷದ ಶ್ರೇಷ್ಠ ಆಟಗಾರನೆಂದು ಆರಿಸಿದ್ದು ಲಾಹೋರಿನ ಅರ್ಸಲಾನ್ ಸಿದ್ದೀಕ್‌ನನ್ನು; ಅರ್ಸಲಾನ್ ಆ್ಯಶ್ ಎಂಬುದು ಅವನ ಪ್ರಸಿದ್ಧ ಹೆಸರು. ಸ್ವಾರಸ್ಯವೇನೆಂದರೆ ಬ್ಯಾಂಕಾಕಿನಲ್ಲಿ ಈ ಅರ್ಸಲಾನ್ ಮೊದಲ ಗುಂಪಿನ ಹಂತದಲ್ಲಿಯೇ ಹೊರಬಿದ್ದಿದ್ದ!

ಒಂದೇ ವರ್ಷ, ಒಂದೇ ಆಟ, ಮೂರು ಶಿರಗಳು. ಇವುಗಳಲ್ಲಿ ಯಾವುದು ಸುಳ್ಳು? ಯಾವುದೂ ಸುಳ್ಳಲ್ಲ. ಒಂದೊಂದು ತಕ್ಕಡಿ ಒಂದೊಂದು ವಸ್ತುವನ್ನು ತೂಗಿದೆ. ಅಂಕಪಟ್ಟಿ ತೂಗುವುದು ನಿಷ್ಠೆಯನ್ನು: ವರ್ಷವಿಡೀ ಊರೂರು ಸುತ್ತಿ, ನಿದ್ದೆಗೆಟ್ಟು, ಎಲ್ಲಿ ಹೋದರೂ ಮೇಲಿನ ಸಾಲಿನಲ್ಲಿಯೇ ನಿಲ್ಲುವ ಸಾಮರ್ಥ್ಯವನ್ನು. ಬೇ ಜೇ-ಮಿನ್‌ನಲ್ಲಿ ಅದು ಹೇರಳವಾಗಿದೆ. 2013ರಲ್ಲಿಯೇ ಅಮೆರಿಕದ ಇವೋ ಎಂಬ ಮಹಾಪಂದ್ಯವನ್ನು ಗೆದ್ದವನು ಆತ. ಒಬ್ಬ ಜಟ್ಟಿಗೆ ಅಂಟಿಕೊಳ್ಳದೆ ಹಲವರನ್ನು ಸಮನಾಗಿ ಆಡಿಸಬಲ್ಲವನು. ಕೊನೆಯ ಪಂದ್ಯ ತೂಗುವುದು ಒಂದು ದಿನವನ್ನು: ಆ ದಿನದ ಕೈಚಳಕ, ಆ ದಿನದ ಎದೆಗಾರಿಕೆ. ತೀರ್ಪುಗಾರರ ಆಯ್ಕೆ ತೂಗುವುದು ಇವೆರಡಕ್ಕೂ ಸಿಕ್ಕದ ಮತ್ತೊಂದನ್ನು, ಒಬ್ಬ ಬಂದುದರಿಂದ ಆಟದ ನಕ್ಷೆಯೇ ಎಷ್ಟು ಬದಲಾಯಿತು ಎಂಬುದನ್ನು. ಕವಿಯ ಸಮಗ್ರ ಕೃತಿರಾಶಿ, ಅವನ ಒಂದು ಸರ್ವೋತ್ತಮ ಕವಿತೆ, ಅವನಿಂದ ಕಾವ್ಯಮಾರ್ಗದಲ್ಲಾದ ತಿರುವು, ಈ ಮೂರನ್ನು ನಾವು ಬೇರೆಬೇರೆಯಾಗಿಯೇ ನೋಡುವುದಿಲ್ಲವೆ?

ಇಷ್ಟರಿಂದಲೂ ತೊಡಕು ಮುಗಿಯುವುದಿಲ್ಲ. 2018ರಲ್ಲಿ ಇದೇ ಮಾಲೆಯ ಕೊನೆಯ ಪಂದ್ಯ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆಯಿತು. ಅಲ್ಲಿ ಕೊರಿಯದ ರಾಂಗ್‌ಚು ಎಂಬಾತ ಪಾಂಡಾ ಕರಡಿಯನ್ನು ಆಡಿಸಿ ಗೆದ್ದ. ಬಲ್ಲವರು ದುರ್ಬಲವೆಂದು ಬದಿಗಿಟ್ಟಿದ್ದ ಪಾತ್ರವದು. ಒಳ್ಳೆಯ ಕತ್ತಿ ಹಿಡಿದು ಗೆದ್ದವನಿಗೂ ಮೊಂಡುಗತ್ತಿ ಹಿಡಿದು ಗೆದ್ದವನಿಗೂ ಪಟ್ಟಿಯಲ್ಲಿ ಸಿಕ್ಕುವುದು ಅದೇ ಒಂದು ಅಂಕಿ. ಅಂಕಿಯ ಸ್ವಭಾವವೇ ಹಾಗೆ: ನಿರ್ಣಯವನ್ನು ಉಳಿಸಿಕೊಂಡು ಕಾರಣವನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದನ್ನು ಮರಳಿ ತಂದುಕೊಡುವುದು ವಿಮರ್ಶಕನ ಕೆಲಸ.

ಇವೆಲ್ಲ ಕಣಕ್ಕೆ ಬಂದವರ ಮಾತಾಯಿತು. ಬಾರದವರ ಗತಿಯೇನು?

2019ರ ಫೆಬ್ರವರಿಯವರೆಗೆ ಜಗತ್ತಿನ ಶ್ರೇಷ್ಠ ಟೆಕ್ಕೆನ್ ಆಟಗಾರರ ಮಾತು ಬಂದಾಗ ಕೊರಿಯ, ಜಪಾನ್, ಅಮೆರಿಕಗಳ ಹೆಸರುಗಳೇ ಮುಂದೆ ನಿಲ್ಲುತ್ತಿದ್ದುವು. ಪಾಕಿಸ್ತಾನವನ್ನು ಲೆಕ್ಕಕ್ಕೆ ಹಿಡಿದವರು ವಿರಳ. ಲಾಹೋರಿನಲ್ಲಿ ಆಟ ಇರಲಿಲ್ಲವೆಂದಲ್ಲ. ಅಲ್ಲಿಯ ಆರ್ಕೇಡ್ ಅಂಗಡಿಗಳು ನಮ್ಮ ಗರಡಿಮನೆಗಳಂತೆ ಹುಡುಗರನ್ನು ತಿದ್ದುತ್ತಿದ್ದುವು. ಸೋತವನು ಎದ್ದು ಜಾಗ ಬಿಡಬೇಕು, ಗೆದ್ದವನು ಕುಳಿತೇ ಇರಬೇಕು, ಇದು ಆರ್ಕೇಡಿನ ಹಳೆಯ ನಿಯಮ. ಇಂಥ ಗರಡಿಯಲ್ಲಿ ಬೆಳೆದವರಿಗೆ ದೊಡ್ಡ ಪಂದ್ಯಗಳ ಕೋಣೆ ದೂರವಾಗಿತ್ತು. ವಿಮಾನದ ಹಣ ಒಂದು ಅಡ್ಡಿ, ವೀಸಾ ಅದಕ್ಕಿಂತ ದೊಡ್ಡ ಅಡ್ಡಿ. ಹೋಗದವನಿಗೆ ಅಂಕವಿಲ್ಲ, ಅಂಕವಿಲ್ಲದವನಿಗೆ ಹೆಸರಿಲ್ಲ, ಹೆಸರಿಲ್ಲದವನನ್ನು ಹಣ ಕೊಟ್ಟು ಕಳುಹಿಸುವವರಿಲ್ಲ.

ಆ ಫೆಬ್ರವರಿಯಲ್ಲಿ ಜಪಾನಿನ ಫುಕುವೋಕದಲ್ಲಿ ಇವೋ ಜಪಾನ್ ಪಂದ್ಯ ನಡೆಯಿತು. ಅರ್ಸಲಾನ್ ವೀಸಾದ ತೊಡಕನ್ನು ದಾಟಿ, ವಿಮಾನದಿಂದ ವಿಮಾನಕ್ಕೆ ಅಲೆದು, ದಾರಿಯಲ್ಲಿ ಪಾಕಿಸ್ತಾನದ ರೂಪಾಯಿಯನ್ನು ಬದಲಾಯಿಸಿಕೊಳ್ಳಲಾಗದೆ ಪರದಾಡಿ, ಬಳಲಿ ಬಂದು ಕಣಕ್ಕಿಳಿದ. ಕೊನೆಯ ಪಂದ್ಯದಲ್ಲಿ ಫಿಲಿಪೀನ್ಸಿನ ಎಕೆ ಎಂಬ ಆಟಗಾರನನ್ನು ಸೋಲಿಸಿ ಗೆದ್ದ. ಗೆದ್ದ ಬಳಿಕ ಅವನಾಡಿದ ಮಾತು ಗೆಲುವಿಗಿಂತ ದೊಡ್ಡದು: ತನ್ನ ದೇಶದಲ್ಲಿ ತನ್ನಷ್ಟೇ ಬಲ್ಲವರು ಇನ್ನೂ ಇದ್ದಾರೆಂದು ಅವನು ಹೇಳಿದ. ಗೆದ್ದವರ ವಿನಯವೆಂದು ಇದನ್ನು ತಳ್ಳಿಹಾಕುವುದು ಸುಲಭವಾಗಿತ್ತು.

ತಳ್ಳಿಹಾಕದೆ ಇದ್ದವನು ಬೇ ಜೇ-ಮಿನ್. ಅದೇ ವರ್ಷ ಆತ ತಾನೇ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಆಟಗಾರರೆದುರು ಕುಳಿತು ಆಡಿದ. ಶ್ರೇಷ್ಠರ ಸಾಲಿನಲ್ಲಿ ಮುಂದೆ ನಿಂತವನು ಹೆಸರೇ ಇಲ್ಲದವರನ್ನು ಹುಡುಕಿಕೊಂಡು ಹೋದ ಈ ಸಂಗತಿ ನನ್ನನ್ನು ಬಹಳವಾಗಿ ಮುಟ್ಟಿತು. ತೀರ್ಪುಗಾರರು ಮಾಡಬೇಕಾಗಿದ್ದ ಕೆಲಸವನ್ನು ಆಟಗಾರನೊಬ್ಬ ಮಾಡಿದ; ಅದರಿಂದ ತನ್ನ ಸ್ಥಾನಕ್ಕೇ ಕುಂದು ಬರಬಹುದೆಂದು ಅವನು ಹಿಂಜರಿಯಲಿಲ್ಲ. ಆಗಸ್ಟಿನಲ್ಲಿ ಲಾಸ್ ವೇಗಸ್ಸಿನ ಇವೋ ಪಂದ್ಯದ ಕೊನೆಯ ಸುತ್ತಿನಲ್ಲಿ ಇವರಿಬ್ಬರೇ ಎದುರಾದರು, ಅರ್ಸಲಾನ್ ಗೆದ್ದ. 2023ರಲ್ಲಿ ಮತ್ತೆ ಗೆದ್ದ, 2024ರಲ್ಲಿ ಮತ್ತೆ. ತನ್ನಷ್ಟೇ ಬಲ್ಲವರಿದ್ದಾರೆಂಬ ಅವನ ಮಾತಿಗೂ ಪುರಾವೆ ದೊರೆಯಿತು: 2023ರ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವರ್ಲ್ಡ್ ಟೂರಿನ ಕೊನೆಯ ಪಂದ್ಯವನ್ನು ಗೆದ್ದವನು ಅದೇ ಪಾಕಿಸ್ತಾನದ ಆತಿಫ್.

ನಮ್ಮ ಭಾಷೆಯಲ್ಲಿ ‘ತಾರತಮ್ಯ’ ಎಂಬ ಒಂದು ಪದವಿದೆ. ತರ, ತಮ ಎಂಬ ಪ್ರತ್ಯಯಗಳಿಂದ ಹುಟ್ಟಿದ ಈ ಪದಕ್ಕೆ ಮೇಲು ಕೀಳುಗಳ ಮೆಟ್ಟಿಲುಗಳನ್ನು ಗುರುತಿಸುವುದೆಂದು ಮೂಲಾರ್ಥ. ಮಧ್ವಮತದಲ್ಲಿ ಅದು ಶಾಸ್ತ್ರೀಯ ಪರಿಭಾಷೆಯೇ ಆಗಿದೆ. ಇಂದಿನ ವೃತ್ತಪತ್ರಿಕೆಯಲ್ಲಿ ಅದೇ ಪದಕ್ಕೆ ಭೇದಭಾವ, ಅನ್ಯಾಯ ಎಂದು ಅರ್ಥ. ವಿವೇಚನೆಯ ಪದ ಅನ್ಯಾಯದ ಪದವಾದದ್ದು ಹೇಗೆಂದು ನಾನು ತರಗತಿಯಲ್ಲಿ ಅರ್ಥವ್ಯತ್ಯಾಸದ ಪಾಠ ಮಾಡುವಾಗ ಹಲವು ಸಲ ಹೇಳಿದ್ದುಂಟು. ಹುಡುಗರ ಪಟ್ಟಿಯನ್ನು ನೋಡಿದಂದು ಅದು ನನಗೇ ಹೊಸದಾಗಿ ತಿಳಿಯಿತು. ಎದುರಿಗಿದ್ದವರನ್ನು ತೂಗುವುದು ಮೊದಲನೆಯ ಅರ್ಥದ ತಾರತಮ್ಯ. ಎದುರಿಗಿದ್ದವರಷ್ಟೇ ಲೋಕವೆಂದು ಸಾರಿದ ಕ್ಷಣ ಅದು ಎರಡನೆಯ ಅರ್ಥದ್ದಾಗುತ್ತದೆ.

ಇದನ್ನು ಬರೆಯಲು ನನಗೇನು ಅಧಿಕಾರವೆಂದರೆ, ನಾನೂ ಈ ತಪ್ಪನ್ನು ಮಾಡಿದವನು. ಹಲವು ವರ್ಷಗಳ ಹಿಂದೆ ಒಂದು ಅಂತರಕಾಲೇಜು ಕವನಸ್ಪರ್ಧೆಗೆ ನಾನು ತೀರ್ಪುಗಾರ. ನಿಗದಿಯಾದ ದಿನ ಕಳೆದು ಎರಡು ದಿನಕ್ಕೆ ದೂರದ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳ ಲಕೋಟೆ ಬಂದಿತು. ನಿಯಮ ನಿಯಮವೆಂದು ಅದನ್ನು ಒಡೆಯದೆ ಬದಿಗಿಟ್ಟೆ. ಪಾರಿತೋಷಕ ವಿತರಣೆಯೆಲ್ಲ ಮುಗಿದ ಮೇಲೆ ಒಂದು ರಾತ್ರಿ ಒಡೆದು ಓದಿದೆ. ನಾನು ಮೊದಲ ಬಹುಮಾನ ಕೊಟ್ಟಿದ್ದ ಕವಿತೆ ಅದರ ಮುಂದೆ ಸಪ್ಪೆಯಾಗಿತ್ತು. ಬಹುಮಾನ ಕೊಡಲು ನಿಯಮ ಬಿಡುತ್ತಿರಲಿಲ್ಲ, ನಿಜ. ಎರಡು ಸಾಲಿನ ಕಾಗದ ಬರೆಯಲು ಯಾವ ನಿಯಮ ಅಡ್ಡ ಬಂದಿತ್ತು? ಬರೆಯಲಿಲ್ಲ. ಆಕೆ ಆಮೇಲೆ ಕವಿತೆ ಬರೆದಳೋ ಇಲ್ಲವೋ, ನಾನರಿಯೆ. ಟೆಕ್ಕೆನ್ ಆಡುವವನಿಗೆ ಪಟ್ಟಿ ತಪ್ಪೆಂದು ತೋರಿಸಲು ಒಂದು ಕಣವಾದರೂ ಇದೆ. ಅಲ್ಲಿ ಕುಳಿತು ನಾಲ್ಕು ಗುಂಡಿಗಳಿಂದ ತೀರ್ಪುಗಾರರ ಬಾಯಿ ಮುಚ್ಚಿಸಬಹುದು. ಕವಿತೆಗೆ ಅಂಥ ಕಣವಿಲ್ಲ. ಆದುದರಿಂದ ನಮ್ಮ ಪಟ್ಟಿಗಳ ವಿಷಯದಲ್ಲಿ ನಾವು ಅವರಿಗಿಂತ ಹೆಚ್ಚು ಅಂಜಬೇಕು.

ಹಾಗೆಂದು ಪಟ್ಟಿಯೇ ಬೇಡವೆನ್ನುವ ಪಕ್ಷ ನನ್ನದಲ್ಲ. ಎಲ್ಲರೂ ಸಮಾನ ಶ್ರೇಷ್ಠರೆನ್ನುವುದು ಸೋಮಾರಿಯ ಔದಾರ್ಯ. ಪಟ್ಟಿಯೆಂದರೆ ಒಂದು ವಾದ; ಮುಂದಿಟ್ಟರೆ ತಾನೆ ಯಾರಾದರೂ ಮುರಿದಾರು? ನಾನು ಕೇಳುವುದು ಎರಡೇ: ಏನನ್ನು ತೂಗಿದೆಯೆಂದು ಪಟ್ಟಿಯ ನೆತ್ತಿಯ ಮೇಲೆ ಬರೆದಿರಲಿ, ತೂಗಲಾಗದೆ ಉಳಿದವರಿದ್ದಾರೆಂಬ ಗುರುತು ಎಲ್ಲಿಯಾದರೂ ಇರಲಿ. ಕವಿಗಳನ್ನು ಬೆರಳ ಮೇಲೆ ಎಣಿಸಲು ಹೊರಟವರು ಕಿರುಬೆರಳಿಗೆ ಕಾಳಿದಾಸನನ್ನು ಇಟ್ಟು, ಮುಂದಿನ ಬೆರಳಿಗೆ ಅವನಿಗೆ ಸಮನಾದವನು ಸಿಕ್ಕದೆ ಆ ಬೆರಳು ಅನಾಮಿಕವಾಗಿಯೇ ಉಳಿಯಿತೆಂದು ಹಳಬರ ಚಮತ್ಕಾರ. ಆ ಅನಾಮಿಕೆಯನ್ನು ನಾವು ಇನ್ನೊಂದು ಕಾರಣಕ್ಕೆ ಉಳಿಸಿಕೊಳ್ಳಬಹುದು: ನಾವು ಕಾಣದವನಿಗಾಗಿ.

ಇಷ್ಟನ್ನೂ ಅಂದು ಮಗನಿಗೆ ಹೇಳಿ, ನಿನ್ನ ಹತ್ತರಲ್ಲಿ ಒಂದು ಸಾಲು ಖಾಲಿ ಬಿಡು ಎಂದೆ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, “ಬಿಡ್ತೀನಪ್ಪ, ಆದರೆ ಎಷ್ಟನೇ ಸಾಲು?” ಎಂದ.

ಹತ್ತನೆಯದೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. 2018ರಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ಅರ್ಸಲಾನನಿಗೂ ಅದನ್ನೇ ಹೇಳುತ್ತಿದ್ದೆನೆಂದು ನೆನಪಾಗಿ ಸುಮ್ಮನಾದೆ.