ಸರ್ವಾಧಿಕಾರದ ಕೈಗಳು: ಡಿಸ್ಟೋಪಿಯ ಕಥನ ಮತ್ತು ಬೆಳಗಾವಿ ಸೀಮೆಯ ಎಚ್ಚರ

ಸರ್ವಾಧಿಕಾರವು ಮುಂದೆ ತಾಳಬಹುದಾದ ರೂಪವನ್ನು ಕಲ್ಪಿಸಿ ವರ್ತಮಾನವನ್ನು ಎಚ್ಚರಿಸುವ ಕಥನಪ್ರಕಾರವನ್ನು ವಿಮರ್ಶೆಯು ‘ಡಿಸ್ಟೋಪಿಯ’ ಎಂದು ಗುರುತಿಸುತ್ತದೆ. ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932), ಆರ್ವೆಲ್‌ನ ‘ನೈನ್ಟೀನ್ ಎಯ್ಟಿ-ಫೋರ್’ (1949) ಈ ಪ್ರಕಾರದ ಪ್ರಮುಖ ಕೃತಿಗಳು. ಆರ್ವೆಲ್‌ನ ಕಾದಂಬರಿಯನ್ನು ಪ್ರಭುತ್ವದ ಕಣ್ಗಾವಲಿನ ಕಥೆಯೆಂದು ಓದುವುದು ರೂಢಿ. ಆದರೆ ಅದರ ನಾಯಕ ವಿನ್‌ಸ್ಟನ್ ಸ್ಮಿತ್ ಹಳೆಯ ಪತ್ರಿಕಾ ವರದಿಗಳನ್ನು ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದುವ ನೌಕರನೆಂಬುದನ್ನು ಗಮನಿಸಬೇಕು. ಪ್ರಭುತ್ವವನ್ನು ಒಳಗೊಳಗೇ ದ್ವೇಷಿಸುವವನ ಕೈಯೇ ಅದರ ಸುಳ್ಳನ್ನು ದಿನವೂ ಬರೆಯುತ್ತದೆ. ಸರ್ವಾಧಿಕಾರ ನಡೆಯುವುದು ಅದಕ್ಕೆ ಒಳಗಾದವರ ಕೈಗಳಿಂದಲೇ ಎಂಬುದು ಈ ಕೃತಿಯ ಮುಖ್ಯ ಎಚ್ಚರಿಕೆ.

ಕನ್ನಡದಲ್ಲಿ ಇಂಥ ಎಚ್ಚರಿಕೆಯು ಭವಿಷ್ಯದ ಕಲ್ಪನೆಗಿಂತ ಹೆಚ್ಚಾಗಿ ಇತಿಹಾಸ ಮತ್ತು ಜಾನಪದದ ಮೂಲಕ ಬಂದಿದೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ಮೊದಲನೆಯ ಮಾರ್ಗಕ್ಕೆ ನಿದರ್ಶನ. ಎರಡನೆಯದಕ್ಕೆ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದ ಚಂದ್ರಶೇಖರ ಕಂಬಾರರ ಕೃತಿಗಳು ನಿದರ್ಶನ.

ಕಂಬಾರರ ‘ಜೋಕುಮಾರಸ್ವಾಮಿ’ (1972) ನಾಟಕದ ಗೌಡ ಭೂಮಿಯನ್ನು ಉಳುವವನಲ್ಲ. ಅವನಿಗೆ ಸಂತಾನವೂ ಇಲ್ಲ. ಸೃಷ್ಟಿಶಕ್ತಿಯಿಲ್ಲದ ಈ ಅಧಿಕಾರಕ್ಕೆ ಬಂದೂಕಿನ ಭಯವೊಂದೇ ಆಧಾರ. ಆದರೆ ಆ ಭಯವನ್ನು ಊರಲ್ಲಿ ಹರಡುವವರು, ಬಸಣ್ಣನ ಕೊಲೆಗೆ ಜೊತೆಯಾಗುವವರು ಗೌಡನ ಆಳುಗಳು. ಅವರೂ ದುಡಿದುಣ್ಣುವ ಜನರೇ. ಹಳ್ಳಿಯ ಈ ಚಿತ್ರವು ‘ಶಿಖರಸೂರ್ಯ’ ಕಾದಂಬರಿಯಲ್ಲಿ ರಾಜ್ಯದ ಮಟ್ಟಕ್ಕೆ ವಿಸ್ತರಿಸುತ್ತದೆ. ಅಲ್ಲಿ ಜೀವ ಉಳಿಸಬೇಕಾದ ವೈದ್ಯವಿದ್ಯೆಯೇ ಅಧಿಕಾರದ ಆಯುಧವಾಗುತ್ತದೆ. ಬಂದೂಕಿಗೆ ಹೆದರಿದ ಜನ ವಿದ್ಯೆಗೆ ನಂಬಿಕೆಯಿಂದಲೇ ತಲೆಬಾಗುತ್ತಾರೆ. ಆದ್ದರಿಂದ ಎರಡನೆಯ ಸ್ಥಿತಿ ಹೆಚ್ಚು ಅಪಾಯಕಾರಿ.

‘ಜೋಕುಮಾರಸ್ವಾಮಿ’ ಪ್ರಕಟವಾದ ಮೂರು ವರ್ಷಗಳಲ್ಲೇ, 1975ರ ಜೂನ್‌ನಲ್ಲಿ, ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. 1977ರ ಮಾರ್ಚ್‌ವರೆಗೆ ಅದು ಜಾರಿಯಲ್ಲಿತ್ತು. ವಿಚಾರಣೆಯಿಲ್ಲದ ಬಂಧನ, ಪತ್ರಿಕೆಗಳ ಮೇಲಿನ ಸೆನ್ಸಾರ್ ಇವೆರಡನ್ನೂ ಕಾರ್ಯರೂಪಕ್ಕಿಳಿಸಿದವರು ಸಾಮಾನ್ಯ ನೌಕರವರ್ಗದವರೇ. ವಿನ್‌ಸ್ಟನ್ ಸ್ಮಿತ್ ದೂರದೇಶದ ಕಲ್ಪನೆಯಾಗಿ ಉಳಿಯಲಿಲ್ಲ.

ಕಂಬಾರರು ಓದಿದ ಬೆಳಗಾವಿಯ ದಕ್ಷಿಣಕ್ಕೆ ಖಾನಾಪುರ ತಾಲ್ಲೂಕಿದೆ. ಅಲ್ಲಿನ ನಂದಗಡದಲ್ಲಿ 1831ರಲ್ಲಿ ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತು. ಸರ್ಕಾರದ ಕಣ್ಣಿಗೆ ಬಂಡಾಯಗಾರನಾದವನನ್ನು ಲಾವಣಿಗಳು ವೀರನೆಂದು ಕಾಪಾಡಿಕೊಂಡು ಬಂದಿವೆ. ಪ್ರಭುತ್ವದ ದಾಖಲೆಗೆ ಎದುರಾಗಿ ನಿಂತ ಜನಸ್ಮೃತಿಯಿದು. ಆರ್ವೆಲ್‌ನ ಲೋಕದಲ್ಲಿ ನಾಶವಾಗಿರುವುದೂ ಇದೇ. ಆದರೆ ಈ ಸ್ಮೃತಿಯ ನಿಜವಾದ ಬಲ ವೀರಸ್ತುತಿಯಲ್ಲಷ್ಟೇ ಇಲ್ಲ. ರಾಯಣ್ಣನನ್ನು ಹಿಡಿದುಕೊಟ್ಟವರು ಸ್ವಜನರೇ ಎಂಬ ಕಹಿಯನ್ನೂ ಅದು ಮರೆಮಾಚುವುದಿಲ್ಲ.

ಡಿಸ್ಟೋಪಿಯ ಕಥನದ ಮೌಲ್ಯಮಾಪನದಲ್ಲಿ ಈ ಅಂಶ ನಿರ್ಣಾಯಕ. ಕೇಡನ್ನೆಲ್ಲ ದೂರದ ನಿರಂಕುಶ ಪ್ರಭುವಿನ ಮೇಲೆ ಹೊರಿಸುವ ಕೃತಿಯು ಓದುಗನನ್ನು ನಿರ್ದೋಷಿಯಾಗಿ ಉಳಿಸುತ್ತದೆ. ಹಾಗಾಗಿ ಅದರ ಎಚ್ಚರಿಕೆ ಅರ್ಧಕ್ಕೇ ನಿಲ್ಲುತ್ತದೆ. ಗೌಡನ ಬಂದೂಕನ್ನಲ್ಲದೆ ಆಳುಗಳ ವಿಧೇಯತೆಯನ್ನೂ ತೋರಿಸುವಲ್ಲಿ ‘ಜೋಕುಮಾರಸ್ವಾಮಿ’ ಆ ಮಿತಿಯನ್ನು ಮೀರಿದೆ. ನಂದಗಡದ ನೆನಪು ಎರಡು ಶತಮಾನಗಳಿಂದ ಕಲಿಸುತ್ತಿರುವ ಪಾಠವೂ ಅದೇ ಆಗಿದೆ.