‘ಬಂದಿದೆ’ ಎಂಬ ಉತ್ತರ: ಸದನದ ಗದ್ಯವನ್ನು ಓದುವ ಬಗೆ

ಶಾಸಕರು ಕೇಳುವ ಪ್ರಶ್ನೆಗೆ ಸರ್ಕಾರ ಕೊಡುವ ಲಿಖಿತ ಉತ್ತರವೂ ಕನ್ನಡ ಗದ್ಯದ ಒಂದು ಪ್ರಕಾರವೇ. ಅಧಿವೇಶನ ನಡೆದಾಗಲೆಲ್ಲ ಅದು ಕಂತೆಗಟ್ಟಲೆ ಹುಟ್ಟುತ್ತದೆ. ಅದಕ್ಕೆ ತನ್ನದೇ ಆದ ಕಟ್ಟು ಇದೆ, ಸವಕಲಾದ ಕವಿಸಮಯಗಳೂ ಇವೆ. ಆದರೂ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಓದುವುದಿಲ್ಲ. ಅದೇನಿದ್ದರೂ ಪತ್ರಕರ್ತರ ಪಾಲು ಎಂದು ಬಿಟ್ಟುಬಿಟ್ಟಿದ್ದೇವೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಗದ್ಯವನ್ನು ಓದಿದರೆ, ಕ್ರಿಯಾಪದದ ಒಂದು ಪ್ರತ್ಯಯ ಊರಿನ ಹತ್ತಾರು ವರ್ಷಗಳನ್ನು ನುಂಗಬಲ್ಲದು ಎಂಬುದು ಗೊತ್ತಾಗುತ್ತದೆ.

ಮೊದಲು ಅದರ ರೂಪವನ್ನು ನೋಡೋಣ. ಪುಟದ ಮೇಲ್ಭಾಗದಲ್ಲಿ ಪ್ರಶ್ನೆಯ ಸಂಖ್ಯೆ, ಮಾನ್ಯ ಸದಸ್ಯರ ಹೆಸರು, ಉತ್ತರಿಸುವ ಸಚಿವರ ಖಾತೆ, ದಿನಾಂಕ. ಕೆಳಗೆ ಎರಡು ಕಾಲಂ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆ ಇಡಿಯಾಗಿ ಇರುವುದಿಲ್ಲ. ಅ, ಆ, ಇ, ಈ ಎಂದು ತುಂಡಾಗಿರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಶಾಸಕರು ಎದ್ದು ನಿಂತು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಾದರೆ ಉತ್ತರ ಕಾಗದದ ಮೇಲೆ ಬರುತ್ತದೆ, ಅಲ್ಲಿಗೇ ಮುಗಿಯುತ್ತದೆ. ಒಂದು ಚುಕ್ಕೆ ಇದೆಯೋ ಇಲ್ಲವೋ ಎಂಬುದರ ಮೇಲೆ ಅದು ಸಂವಾದವೋ ಸ್ವಗತವೋ ಎಂಬುದು ನಿಂತಿದೆ.

ಈ ಗದ್ಯದ ಅತಿ ಚಿಕ್ಕ ವಾಕ್ಯ ‘ಬಂದಿದೆ’. ‘ಇಂಥ ಊರಿನ ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂಬ ಮಾದರಿಯ ಪ್ರಶ್ನೆಗೆ ಅದು ಉತ್ತರ. ಸುಳ್ಳಲ್ಲ, ಅವಿನಯವೂ ಅಲ್ಲ. ಆದರೆ ಗಮನಕ್ಕೆ ಯಾವಾಗ ಬಂತು, ಯಾರ ಗಮನಕ್ಕೆ ಬಂತು, ಬಂದ ಮೇಲೆ ಏನಾಯಿತು ಎಂಬ ಮೂರೂ ಆ ಪದದ ಹೊರಗೇ ಉಳಿಯುತ್ತವೆ. ಮುಂದಿನ ತುಂಡಿಗೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲು ಬರುತ್ತದೆ. ‘ಕೈಗೊಳ್ಳಲಾಗುವುದು’ ಎಂಬಲ್ಲಿ ಕೈ ಇದೆ, ಅದು ಯಾರ ಕೈ ಎಂದಿಲ್ಲ. ನಮ್ಮ ಕಡೆ ಮನೆಮಾತಿನಲ್ಲಿ ಇದನ್ನೇ ‘ನೋಡೂಣು ತಗೋ’ ಅನ್ನುತ್ತಾರೆ. ಹಾಗೆ ಅಂದವರ ಮುಖವಾದರೂ ಎದುರಿಗಿರುತ್ತದೆ. ನಾಳೆ ಹೋಗಿ ಮತ್ತೆ ಕೇಳಬಹುದು. ಸರ್ಕಾರಿ ಕರ್ಮಣಿ ಪ್ರಯೋಗಕ್ಕೆ ಮುಖವಿಲ್ಲ.

ಉತ್ತರ ಸಿದ್ಧಪಡಿಸುವ ಅಧಿಕಾರಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಸದನಕ್ಕೆ ತಪ್ಪು ಮಾಹಿತಿ ಹೋದರೆ ಹಕ್ಕುಚ್ಯುತಿಯವರೆಗೂ ವಿಷಯ ಬೆಳೆಯಬಹುದು. ಕಡಿಮೆ ಹೇಳಿದಷ್ಟೂ ಸುರಕ್ಷಿತ. ಎಚ್ಚರಿಕೆಯಿಂದ ಹುಟ್ಟಿದ ಶೈಲಿ ಇದು. ಆ ಎಚ್ಚರಿಕೆಯ ಬೆಲೆ ತೆರುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಆಲಮಟ್ಟಿಯ ಸಂಗತಿ ತೆಗೆದುಕೊಳ್ಳಿ. 1964ರಲ್ಲಿ ಅಡಿಗಲ್ಲು ಬಿದ್ದ ಯೋಜನೆ. ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 524.256 ಮೀಟರ್‌ಗೆ ಎತ್ತರಿಸಲು ಎರಡನೇ ಕೃಷ್ಣಾ ನ್ಯಾಯಾಧೀಕರಣ 2010ರ ಡಿಸೆಂಬರಿನಲ್ಲಿ ಅವಕಾಶ ಕೊಟ್ಟಿತು. 2013ರಲ್ಲಿ ಅದರ ಮುಂದಿನ ವರದಿಯೂ ಬಂತು. ಕೋರ್ಟಿನಲ್ಲಿರುವ ವ್ಯಾಜ್ಯದಿಂದಾಗಿ ಕೇಂದ್ರದ ಅಧಿಸೂಚನೆ ಮಾತ್ರ ಹೊರಬಿದ್ದಿಲ್ಲ. ಎತ್ತರ ಹೆಚ್ಚಿದರೆ 75,563 ಎಕರೆ ಮುಳುಗುತ್ತದೆ ಎಂಬುದು ಸರ್ಕಾರದ್ದೇ ಲೆಕ್ಕ. ಕೃಷ್ಣೆಯ ಹಿನ್ನೀರು ಬೀಳಗಿ, ಜಮಖಂಡಿಗಳ ದಂಡೆಗೂ ಘಟಪ್ರಭೆಯ ಹಿನ್ನೀರು ಮುಧೋಳದ ಕಡೆಗೂ ಏರುತ್ತದೆ. ಎರಡೂ ನದಿ ಕೂಡುವುದು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ.

ಈ ವಿಷಯದ ಪ್ರಶ್ನೆಗೆ ‘ಕೇಂದ್ರ ಸರ್ಕಾರದ ಅಧಿಸೂಚನೆ ನಿರೀಕ್ಷಿಸಲಾಗಿದೆ’ ಎಂಬ ಧಾಟಿಯ ಉತ್ತರ ಸುಳ್ಳಲ್ಲ. ಆದರೆ ಅದು ರಾಜ್ಯದ ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಒಂದೇ ಗಂಟಿಗೆ ಕಟ್ಟಿ ದಿಲ್ಲಿಗೆ ಹೊರಿಸುತ್ತದೆ. ಅಧಿಸೂಚನೆ ಕೇಂದ್ರದ ಕೆಲಸ, ಸರಿ. ಭೂಸ್ವಾಧೀನದ ದರ, ಪುನರ್ವಸತಿ ಕೇಂದ್ರದ ರಸ್ತೆ, ನೀರು, ಶಾಲೆ, ಹಕ್ಕುಪತ್ರ ಇವೆಲ್ಲ ರಾಜ್ಯದವು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿದಾಗ ಅಧಿಸೂಚನೆ ಬಂದಿರಲಿಲ್ಲ. ಹಾಗಾದರೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ‘ನಿರೀಕ್ಷಿಸಲಾಗಿದೆ’ ಎಂಬ ಪದ ಯಾವುದನ್ನು ಕಾಯುತ್ತಿತ್ತು? ‘ಮುಳುಗಡಿ ಊರು’ ಎಂದು ಹೆಸರಾದ ಕಡೆ ಹೊಸ ಮನೆ ಕಟ್ಟಲು ಕೈ ಹಿಂಜರಿಯುತ್ತದೆ. ಉತ್ತರದ ಒಂದು ವರ್ತಮಾನಕಾಲ ಅಲ್ಲಿ ಒಂದು ತಲೆಮಾರನ್ನು ಕಾಯಿಸುತ್ತದೆ.

ಮುಧೋಳದ ಕವಿ ರನ್ನ ‘ಗದಾಯುದ್ಧ’ದಲ್ಲಿ ಸಿಂಹಾವಲೋಕನ ಕ್ರಮ ಅನುಸರಿಸಿದ್ದನ್ನು ನಾವೆಲ್ಲ ಪರೀಕ್ಷೆಗಾಗಿ ಓದಿದ್ದೇವೆ. ಕೊನೆಯ ದಿನದ ಯುದ್ಧದಲ್ಲಿ ನಿಂತು ಹಿಂದಿನದೆಲ್ಲವನ್ನೂ ತಿರುಗಿ ನೋಡುವ ಕ್ರಮ ಅದು. ಸದನದ ಉತ್ತರಕ್ಕೆ ಇಲ್ಲದಿರುವುದು ಇದೇ. ಪ್ರತಿ ಅಧಿವೇಶನದ ಪ್ರಶ್ನೆ ಅಂದೇ ಹುಟ್ಟಿದ ಕೂಸು. ಹಿಂದಿನ ಬಾರಿ ಇದೇ ಪ್ರಶ್ನೆಗೆ ಏನು ಹೇಳಿದ್ದೆವು, ಅದರಲ್ಲಿ ಎಷ್ಟು ನಡೆಯಿತು ಎಂದು ಹೇಳುವ ಕಾಲಂ ಆ ಪುಟದಲ್ಲಿಲ್ಲ.

ಅಂಕಿಗಳು ಬೇಕಾದವರು ‘ಅನುಬಂಧ’ಕ್ಕೆ ಹೋಗಬೇಕು. ನಿಜವಾದ ಓದು ಶುರುವಾಗುವುದು ಅಲ್ಲೇ, ತೊಡಕೂ ಅಲ್ಲೇ. ರಬಕವಿ-ಬನಹಟ್ಟಿ ತಾಲೂಕು 2017-18ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲೊಂದು. ಅದಕ್ಕೂ ಮುಂಚೆ ರಬಕವಿ, ಬನಹಟ್ಟಿಗಳು ಜಮಖಂಡಿ ತಾಲೂಕಿನಲ್ಲಿದ್ದವು, ಮಹಾಲಿಂಗಪುರ ಮುಧೋಳದಲ್ಲಿತ್ತು. ವಿಧಾನಸಭಾ ಕ್ಷೇತ್ರದ ಹೆಸರು ತೇರದಾಳ. ಹೀಗಾಗಿ ಒಂದು ಪಟ್ಟಿ ತಾಲೂಕುವಾರು, ಇನ್ನೊಂದು ಕ್ಷೇತ್ರವಾರು ಇದ್ದರೆ ಒಂದೇ ಶಾಲೆ, ಒಂದೇ ಆಸ್ಪತ್ರೆ ಬೇರೆ ಬೇರೆ ಹೆಸರಿನಡಿ ಕೂತಿರುತ್ತವೆ. ಹತ್ತು ವರ್ಷದಲ್ಲಿ ಪರಿಸ್ಥಿತಿ ಸುಧಾರಿಸಿತೋ ಕೆಟ್ಟಿತೋ ಎಂದು ಹೋಲಿಸಲು ಹೊರಟವರಿಗೆ ಹೋಲಿಸುವ ಊರೇ ಸಿಗುವುದಿಲ್ಲ.

ಪದಗಳ ಒಳಗೂ ಇಂಥ ಗಡಿಗಳಿವೆ. ಬನಹಟ್ಟಿಯವರಿಗೆ ನೇಕಾರ ಎಂದರೆ ಕೈಮಗ್ಗದವರೂ ಹೌದು, ವಿದ್ಯುತ್ ಮಗ್ಗದ ಮುಂದೆ ಕೂಲಿಗೆ ನಿಂತವರೂ ಹೌದು. ‘ನೇಕಾರ ಸಮ್ಮಾನ್’ ಯೋಜನೆ ವರ್ಷಕ್ಕೆ 2,000 ರೂಪಾಯಿಯ ನೆರವಾಗಿ ಶುರುವಾದಾಗ (ಆಮೇಲೆ 5,000 ಆಯಿತು) ಅದು ಕೈಮಗ್ಗ ನೇಕಾರರಿಗೆ ಮೀಸಲಾಗಿತ್ತು. ಶಾಸಕರು ‘ನೇಕಾರರು ಎಷ್ಟು ಜನ?’ ಎಂದು ಕೇಳಿದರೆ ಇಲಾಖೆ ‘ಫಲಾನುಭವಿಗಳು ಇಷ್ಟು ಜನ’ ಎಂದು ಹೇಳಬಹುದು. ಎರಡೂ ಒಂದೇ ಜನರಲ್ಲ. ಫಲ ಸಿಗದವನು ಆ ಉತ್ತರದಲ್ಲಿ ನೇಕಾರನೂ ಆಗಿ ಉಳಿಯುವುದಿಲ್ಲ.

ಇದೇ ನೆಲದಲ್ಲಿ ಇನ್ನೊಂದು ವ್ಯಾಕರಣವೂ ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ನದಿಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಬಂದ ಹೆಸರು ಶ್ರಮಬಿಂದು ಸಾಗರ. ‘ಕಟ್ಟಲಾಯಿತು’ ಎಂದು ಅದರ ಕಥೆಯನ್ನು ಯಾರೂ ಹೇಳುವುದಿಲ್ಲ, ‘ಕಟ್ಟಿದರು’ ಎನ್ನುತ್ತಾರೆ. ಹೆಸರಿನಲ್ಲೇ ದುಡಿದವರ ಬೆವರಿದೆ. ಸರ್ಕಾರ ಮಾಡಬೇಕಾದ ಕೆಲಸವನ್ನೆಲ್ಲ ಜನರೇ ಮಾಡಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಕರ್ತೃವನ್ನು ಹೆಸರಿಸುವ ಗದ್ಯ ಇಲ್ಲಿ ಸಾಧ್ಯವಿತ್ತು ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ದೋಷವೆಲ್ಲ ಬಲಗಡೆಯ ಕಾಲಮ್ಮಿನದೂ ಅಲ್ಲ. ‘ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಎಂದೇ ಬರುತ್ತದೆ. ಯಾವ ದಿನ, ಯಾವ ಕಚೇರಿ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಕಳೆದ ಅಧಿವೇಶನದ ಉತ್ತರ ಏನಾಯಿತು ಎಂದು ಕೇಳಿದರೆ ಜಾರುವ ಜಾಗ ಕಿರಿದಾಗುತ್ತದೆ. ಒಳ್ಳೆಯ ಪ್ರಶ್ನೆಯೂ ಒಂದು ಬರವಣಿಗೆ.

ಈ ಪುಟಗಳನ್ನು ಸಾಹಿತ್ಯದವರು ಓದಿ ಪ್ರಯೋಜನವೇನು ಎಂದು ಕೇಳುವವರಿಗೆ ಒಂದು ಸಂಗತಿ. ಶಾಸನಸಭೆಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂದಿದೆ. ಸಚಿವರ ಯಾವ ಮಾತು ಭರವಸೆ, ಯಾವುದು ಬರೀ ಮಾತು ಎಂದು ತೂಗುವುದು ಅದರ ಕೆಲಸ. ಲೋಕಸಭೆಯಲ್ಲಂತೂ ಭರವಸೆ ಎಂದು ಎಣಿಸಬೇಕಾದ ನುಡಿಗಟ್ಟುಗಳ ಪಟ್ಟಿಯೇ ಇದೆ, ಅವನ್ನು ಈಡೇರಿಸಲು 3 ತಿಂಗಳ ಗಡುವೂ ಇದೆ. ‘ಪರಿಶೀಲನೆಯಲ್ಲಿದೆ’ ಎಂಬುದು ಅಲ್ಲಿ ತೇಲಿಸುವ ಮಾತಲ್ಲ, ಸಾಲ. ಒಂದು ಪದ ಎಷ್ಟು ಹೊಣೆ ಹೊರುತ್ತದೆ ಎಂದು ತೂಗುವುದು ನಾವು ತರಗತಿಯಲ್ಲಿ ಕಲಿತ ಕೆಲಸವೇ. ಬೀಳಗಿಯ ಹಿನ್ನೀರಿನ ಅಂಚಿನವರಿಗೆ ಆ ತೂಕ ಗೊತ್ತಾಗಬೇಕಾದ ಜರೂರು ನಮಗಿಂತ ಹೆಚ್ಚಿದೆ.