ಸವಣೂರಿನ ಕವಿ ಮತ್ತು ಪವಾಡದ ಪ್ರಶ್ನೆ



ಮಗುವಿಗೆ ಜ್ವರ ಬಂದರೆ ನಮ್ಮ ಹಾನಗಲ್ಲ, ಹಿರೇಕೆರೂರ ಸೀಮೆಯ ಮನೆಗಳಲ್ಲಿ ಮೂರು ಉಪಾಯಗಳು ಒಂದೇ ದಿನ ನಡೆಯುವುದುಂಟು: ವೈದ್ಯರ ಗುಳಿಗೆ, ತೋಳಿಗೊಂದು ತಾಯತ, ರಾತ್ರಿಯ ಪ್ರಾರ್ಥನೆ. ಜ್ವರ ಇಳಿದ ಮೇಲೆ, ಅದನ್ನು ಇಳಿಸಿದ್ದು ಯಾವುದೆಂದು ಯಾರೂ ಕೇಳುವುದಿಲ್ಲ. ವಿಜ್ಞಾನ, ಮಾಂತ್ರಿಕತೆ, ಧರ್ಮ ಈ ಮೂರೂ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳುತ್ತವೆ. ಇದು ವಿವೇಕವೋ, ಪ್ರಶ್ನೆ ಕೇಳಲು ಅಂಜುವ ಮನಸ್ಸಿನ ಆಲಸ್ಯವೋ? ನಮ್ಮದೇ ನೆಲದ ಹಿರಿಯ ಕವಿಯೊಬ್ಬರ ಬಾಳು ಬರಹಗಳ ಮೂಲಕ ಇದನ್ನು ಪರಿಶೀಲಿಸೋಣ.

ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಜನಿಸಿದರು. ಬೇಂದ್ರೆಯವರ ಒಡನಾಟ, ಆಕ್ಸ್‌ಫರ್ಡಿನ ವ್ಯಾಸಂಗ, ಶ್ರೀ ಅರವಿಂದರ ದರ್ಶನ ಇವು ಅವರನ್ನು ರೂಪಿಸಿದವು. ಸಮನ್ವಯವೇ ಅವರ ಜೀವನಮಂತ್ರ. ಜ್ಞಾನಪೀಠ ಪುರಸ್ಕೃತರಾದ ಅವರ ಮಹಾಕಾವ್ಯ ‘ಭಾರತ ಸಿಂಧು ರಶ್ಮಿ’ಯ ನಾಯಕ ವಿಶ್ವಾಮಿತ್ರ, ಆರ್ಯ-ದ್ರಾವಿಡ ಸಂಸ್ಕೃತಿಗಳ ಬೆಸುಗೆ ಅದರ ಹಂಬಲ. ಪೂರ್ವ-ಪಶ್ಚಿಮ, ಕಾವ್ಯ-ದರ್ಶನ ಎಲ್ಲವನ್ನೂ ಅಪ್ಪಿಕೊಂಡ ಅಂಥ ವಿಶಾಲ ಹೃದಯ ವಿರಳ.

ಇದೇ ಗೋಕಾಕರು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರನ್ನು ಅವತಾರವೆಂದು ನಂಬಿದರು. 1975ರಲ್ಲಿ ಅವರ ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಮರುವರ್ಷ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಬಾಬಾ ಅವರನ್ನು ಕೋರಿದರು. ಉಂಗುರದ ಬದಲು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂಬ ಅವರ ಮಾತು ನಾಡಿನಲ್ಲೆಲ್ಲ ಹಬ್ಬಿತು. ಪರೀಕ್ಷೆ ಮಾತ್ರ ನಡೆಯಲಿಲ್ಲ. ಅದೇ ವಿಶ್ವವಿದ್ಯಾಲಯದ ಕುಲಪತಿ ಪದವಿಯನ್ನು 1960ರ ದಶಕದಲ್ಲಿ ಅಲಂಕರಿಸಿದ್ದವರು ಗೋಕಾಕರು! 1981ರಲ್ಲಿ ಅವರು ಪುಟ್ಟಪರ್ತಿಯ ವಿದ್ಯಾಸಂಸ್ಥೆಯ ಪ್ರಥಮ ಕುಲಪತಿಗಳಾದರು.

ಇವರಿಬ್ಬರಲ್ಲಿ ಯಾರು ಸರಿ? ಪ್ರೀತಿ, ಕಾವ್ಯ, ಪ್ರಾರ್ಥನೆಗಳು ತಕ್ಕಡಿಯಲ್ಲಿ ತೂಗುವಂಥವಲ್ಲ ಎಂಬುದನ್ನು ಬಲ್ಲ ಗೋಕಾಕರ ದರ್ಶನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕೈಯಿಂದ ಉದುರುವ ಉಂಗುರ ಕಣ್ಣಿಗೆ ಕಾಣುವ ವಸ್ತು. ಅದನ್ನು ಕುರಿತು ಪ್ರಶ್ನಿಸುವುದು ದೈವನಿಂದೆಯಲ್ಲ. ವಿರೋಧಗಳನ್ನು ಎದುರಿಸಿ ಗಳಿಸಬೇಕಾದದ್ದು ಸಮನ್ವಯ. ಪ್ರಶ್ನೆಗೆ ಮುನ್ನವೇ ಅದನ್ನು ಸಾರಿದರೆ ದರ್ಶನದ ಬಾಗಿಲಿನಿಂದ ಮಾಂತ್ರಿಕತೆಯೂ ಒಳಗೆ ನುಸುಳುತ್ತದೆ. ಕವಿಯ ಔದಾರ್ಯವೇ ಇಲ್ಲಿ ವಿಚಾರದ ದೌರ್ಬಲ್ಯವಾಯಿತೆಂದು ನನ್ನ ವಿನಮ್ರ ಅಭಿಪ್ರಾಯ. ಸಿದ್ಧಿಗಳು ಸಮಾಧಿಗೆ ವಿಘ್ನಗಳೆಂದು ಪತಂಜಲಿಯೇ ಎಚ್ಚರಿಸಿದ್ದಾರೆ. ತ್ರಿಶಂಕುವಿಗೆ ಸ್ವರ್ಗ ಕಟ್ಟಿಕೊಟ್ಟಾಗಲ್ಲ, ಕೋಪವನ್ನು ಗೆದ್ದ ಮೇಲೆಯೇ ವಿಶ್ವಾಮಿತ್ರ ಬ್ರಹ್ಮರ್ಷಿಯಾದದ್ದು. ಇತ್ತ, ಪ್ರಶ್ನಿಸಿದ ನರಸಿಂಹಯ್ಯನವರು ಕಾಲೇಜಿನ ವಿದ್ಯಾರ್ಥಿನಿಲಯದಲ್ಲೇ ವಾಸವಾಗಿದ್ದು, ಗಾಂಧೀಮಾರ್ಗದ ಬ್ರಹ್ಮಚಾರಿಯಾಗಿ ಬಾಳಿದರು. ವಿಚಾರವಂತನ ಬಾಳೂ ತಪಸ್ಸಾಗಬಲ್ಲದು!

ಇದನ್ನು ಓದಿ ನಾವು, ಕ್ರೈಸ್ತರು, ಪರರ ಮನೆಯ ಮಾತೆಂದು ಮುಗುಳ್ನಗುವಂತಿಲ್ಲ. ರೋಗ ಬಿಟ್ಟೋಡುವುದೆಂಬ ಭರವಸೆಯ ಕೂಟಗಳಿಗೆ ಔಷಧಿ ಬಿಟ್ಟು ಓಡುವವರು ನಮ್ಮಲ್ಲಿಲ್ಲವೇ? ಕಲ್ಲನ್ನು ರೊಟ್ಟಿಯಾಗಿಸುವ ಶೋಧನೆಯನ್ನು ಪ್ರಭು ಯೇಸು ಅರಣ್ಯದಲ್ಲಿ ತಿರಸ್ಕರಿಸಿದರು. ಸೂಚಕಕಾರ್ಯವನ್ನು ಕೇಳಿದವರಿಗೆ ಅದನ್ನು ನಿರಾಕರಿಸಿದರು. ಆದರೆ ಸಂದೇಹಪಟ್ಟ ತೋಮನಿಗೆ ತಮ್ಮ ಗಾಯಗಳನ್ನು ತೋರಿಸಿದರು. ಫ್ರಾನ್ಸಿನ ಲೂರ್ದಿನಲ್ಲಿ 1883ರಿಂದಲೂ ವೈದ್ಯಕೀಯ ಪರಿಶೀಲನಾ ಕೇಂದ್ರವಿದೆ. ಅಲ್ಲಿ ಗುಣಹೊಂದಿದೆವೆಂದು ಹೇಳಿಕೊಂಡವರು 7,000ಕ್ಕೂ ಹೆಚ್ಚು, ಧರ್ಮಸಭೆ ಪವಾಡಗಳೆಂದು ಅಂಗೀಕರಿಸಿದ್ದು 70ಕ್ಕಿಂತ ಕೆಲವೇ ಹೆಚ್ಚು. ಪರೀಕ್ಷೆಗೆ ಹೆದರದ ವಿಶ್ವಾಸವೇ ವಿಶ್ವಾಸ.

ಸವಣೂರಿನ ನೆರೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಸಂತ ಶರೀಫರು (1819-1889) ಬಾಳಿದರು. ಮುಸಲ್ಮಾನರ ಮನೆಯ ಮಗ, ಬ್ರಾಹ್ಮಣ ಗೋವಿಂದಭಟ್ಟರ ಶಿಷ್ಯ. ಮಳೆಗೆ ಸೋರುವ ಮನೆಯೊಂದೇ ಅವರ ತತ್ವಪದಕ್ಕೆ ಸಾಕಾಯಿತು. ಕೇಳುಗನ ಕಣ್ಣು ಸೋರುವ ತಾಣವನ್ನು ತನ್ನೊಳಗೆ ಹುಡುಕತೊಡಗಿತು. ಅಲ್ಲಿ ದರ್ಶನಕ್ಕೆ ಚಮತ್ಕಾರದ ಹಂಗಿಲ್ಲ.

ಆದ್ದರಿಂದ, ಪ್ರಿಯರೇ, ಮುಂದಿನ ಬಾರಿ ಮಗುವಿಗೆ ಜ್ವರ ಬಂದಾಗ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ತಾಯತವನ್ನು ಬಿಚ್ಚಿಡಿ. ಮಗುವಿನ ಬಳಿ ಕುಳಿತು ಪ್ರಾರ್ಥಿಸಿ. ನಿಮ್ಮ ಪ್ರಾರ್ಥನೆ ಗುಳಿಗೆಯ ಎದುರಾಳಿಯಲ್ಲ, ತಾಯತದ ಬದಲಿಯೂ ಅಲ್ಲ. ಆ ಇರುಳು ಮಗುವಿಗೂ ನಿಮಗೂ ಅದು ಜೊತೆ.